ಮೂಮಿನ್ ಕಾರ್ಟೂನ್ ಚೆನ್ನಾಗಿದೆ, ಆದರೆ ಪುಸ್ತಕವೂ ಬೇಕು

ಮೂಮಿನ್‌ಗಳು ಅಂದರೆ ಫಿನ್‌ಲೆಂಡಿನ ಲೇಖಕಿ ತೂವೆ ಯಾನ್ಸನ್ ತಮ್ಮ ಮಕ್ಕಳ ಪುಸ್ತಕಗಳಲ್ಲಿ ಬರೆದು ಚಿತ್ರಿಸಿದ ಕಾಲ್ಪನಿಕ ಜೀವಿಗಳು. ಅವುಗಳ ಕಾರ್ಟೂನ್ ಸರಣಿಯನ್ನು ತೆರೆಯ ಮೇಲೆ ನೋಡಿದ ಮಕ್ಕಳಿಗೆ ಪುಸ್ತಕ ಬೇಕಾಗಿಲ್ಲ ಅಂತ ನಿಮ್ಮ ಲೇಖನದಲ್ಲಿದೆ. ಇದನ್ನು ಒಪ್ಪುವುದು ನನಗೆ ಕಷ್ಟ. 1990ರ ಜಪಾನಿ ಸರಣಿ ನನಗೂ ತುಂಬಾ ಇಷ್ಟ. ಅದನ್ನು ಮಾಡುವಾಗ ತೂವೆ ಯಾನ್ಸನ್ ಮತ್ತು ಅವರ ತಮ್ಮ ಲಾರ್ಸ್ ಜೊತೆಗಿದ್ದರು. 1969ರಲ್ಲಿ ಜಪಾನಿನಲ್ಲೇ ಬಂದಿದ್ದ ಸರಣಿ ಮಾತ್ರ ತೂವೆಗೆ ಹಿಡಿಸಿರಲಿಲ್ಲ.

ಆದರೆ ಕಥೆಯಲ್ಲಿ ಎಲ್ಲರೂ ಹೆದರುವ ಒಂಟಿ ಜೀವಿ ಗ್ರೋಕ್‌ಳನ್ನೇ ತೆಗೆದುಕೊಳ್ಳಿ. ಅವಳು ಕೂತ ನೆಲ ಹೆಪ್ಪುಗಟ್ಟುತ್ತದೆ. ಕಾರ್ಟೂನಿನಲ್ಲಿ ಅವಳು ಬಂದರೆ ಸಾಕು, ಸಂಗೀತವೇ ಮಕ್ಕಳನ್ನು ಹೆದರಿಸುತ್ತದೆ. 1957ರ ಚಳಿಗಾಲದ ಪುಸ್ತಕದಲ್ಲಿ ಅವಳು ಬೆಂಕಿಯ ಮೇಲೆ ಕೂತು ಅದನ್ನು ಆರಿಸಿಬಿಡುತ್ತಾಳೆ. ಆರಿಸಬೇಕು ಅಂತಲ್ಲ, ಪಾಪ, ಬೆಚ್ಚಗಾಗೋಕೆ ಬಂದವಳು! 1965ರ ಪುಸ್ತಕದಲ್ಲಂತೂ ಕಥಾನಾಯಕ ಮೂಮಿನ್‌ಟ್ರೋಲ್ ರಾತ್ರಿ ಲಾಟೀನು ಹಿಡಿದು ಅವಳಿಗಾಗಿ ಸಮುದ್ರದ ದಡಕ್ಕೆ ಹೋಗುತ್ತಾನೆ. ಒಂದು ದಿನ ಸೀಮೆಎಣ್ಣೆ ಮುಗಿದಿರುತ್ತದೆ. ದೀಪ ಇಲ್ಲದಿದ್ದರೂ ಅವನನ್ನು ನೋಡಿ ಅವಳು ಖುಷಿಯಿಂದ ಕುಣಿಯುತ್ತಾಳೆ. ಆಮೇಲೆ ಅವಳು ನಿಂತಿದ್ದ ಮರಳು ಹೆಪ್ಪುಗಟ್ಟಿರುವುದಿಲ್ಲ. ಭಯದಿಂದ ಮರುಕಕ್ಕೆ ಬರೋಕೆ ಇಷ್ಟು ನಿಧಾನ ಬೇಕೇ ಬೇಕು, ಅಲ್ವಾ? ಪುಸ್ತಕದ ಆ ಕಪ್ಪು ಶಾಯಿಯ ಚಿತ್ರಗಳ ಮುಂದೆ ಮಗು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಕಾರ್ಟೂನು ಮುಂದಕ್ಕೆ ಓಡುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ಪೋಲೆಂಡಿನವರು 1970ರ ದಶಕದ ಕೊನೆಯಲ್ಲಿ ಶುರುಮಾಡಿದ ಗೊಂಬೆಗಳ ಸರಣಿ ಲೇಖನದಲ್ಲಿ ಬಿಟ್ಟುಹೋಗಿದೆ. ಪುಸ್ತಕದ ಮಂಕು ಬೆಳಕು ನನಗೆ ಜಾಸ್ತಿ ಕಂಡಿದ್ದು ಅದರಲ್ಲೇ. ದಯವಿಟ್ಟು ಅದನ್ನೂ ಸೇರಿಸಿ.