ಎರಡು ರೂಪಾಯಿಯ ನಾಣ್ಯ

ಇವತ್ತು ಬೆಳಿಗ್ಗೆ ಧಾರವಾಡದ ನಮ್ಮ ಮಾಳಮಡ್ಡಿಯ ಹಾಲಿನ ಅಂಗಡಿಯವರು ಕೇಳದೆಯೇ ನನ್ನ ಅಂಗೈಗೆ ಎರಡು ರೂಪಾಯಿಯ ನಾಣ್ಯ ಹಾಕಿದರು. ಆಗಿನಿಂದ ಮನಸ್ಸು ಉಬ್ಬಿಹೋಗಿದೆ.

ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗೆ ಮುದ್ರಿತ ಬೆಲೆಗಿಂತ ಎರಡು ರೂಪಾಯಿ ಹೆಚ್ಚು ಕೊಡುತ್ತಾ ಬಂದವರು ನಾವು. ಕೇಳಿದರೆ ‘ಫ್ರಿಜ್ ಖರ್ಚು’ ಎನ್ನುವ ಉತ್ತರ. ಎಲ್ಲ ತೆರಿಗೆ ಸೇರಿಸಿಯೇ ಎಂಆರ್‌ಪಿ ಅಚ್ಚಾಗಿರುತ್ತದೆ, ಅದರ ಮೇಲೆ ಒಂದು ಪೈಸೆ ತೆಗೆದುಕೊಂಡರೂ ಅಪರಾಧ. ದೂರು ಕೊಡಲು 1915 ಎಂಬ ಸಂಖ್ಯೆಯೂ ಇದೆ. ಆದರೆ ನಮ್ಮಲ್ಲಿ ಹೆಚ್ಚು ತೆಗೆದುಕೊಂಡವರಿಗೆ ನಾಚಿಕೆಯಿಲ್ಲ, ಕೇಳಿದವರೇ ಜಿಪುಣರು!

ಒಂದು ಮಾತು ಒಪ್ಪಿಕೊಳ್ಳಬೇಕು. ಹೋದ ಮಳೆಗಾಲದಲ್ಲಿ ಓಣಿಯ ಅಜ್ಜಿಯೊಬ್ಬರು ಪ್ಯಾಕೆಟ್ಟನ್ನು ಕಣ್ಣಿನ ಹತ್ತಿರ ಹಿಡಿದು ಬೆಲೆ ಓದಿ, ಎರಡು ರೂಪಾಯಿ ವಾಪಸ್ ಕೇಳಿದರು. ‘ಏನಜ್ಜಿ, ಎರಡು ರೂಪಾಯಿಗೆ ಇಷ್ಟೊಂದು ಎಳೆದಾಡುತ್ತೀರಿ’ ಎಂದು ಅಂಗಡಿಯವರು ಅಂದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಅವರ ಹಿಂದೆಯೇ ಕೊಡೆ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಆ ಮೌನ ಇಂದಿಗೂ ಚುಚ್ಚುತ್ತದೆ.

ಮನೆಗೆ ದಿನಕ್ಕೆ ಎರಡು ಪ್ಯಾಕೆಟ್ ಎಂದರೆ ವರ್ಷಕ್ಕೆ 1,460 ರೂಪಾಯಿ. ನಮ್ಮ ಓಣಿಯ 42 ಮನೆಗಳಿಗೆ 61,320. ಈ ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಓದಿದಾಗ ಯಾರೂ ನಗಲಿಲ್ಲ. ಮರುದಿನದಿಂದ ಎಲ್ಲರೂ ಹತ್ತು ನಿಮಿಷ ನಡೆದು ಬೇರೆ ಕಡೆ ಹಾಲು ತಂದೆವು. ಜಗಳವಿಲ್ಲ, ಘೋಷಣೆಯಿಲ್ಲ. ಒಂಬತ್ತನೆಯ ದಿನ ಅಂಗಡಿಯವರೇ ಮನೆಬಾಗಿಲಿಗೆ ಬಂದು, ‘ಅಕ್ಕಾ, ನಾಳೆಯಿಂದ ಬರೆದಷ್ಟೇ ಬೆಲೆ’ ಎಂದರು.

‘ಪಾಪ, ಸಣ್ಣ ವ್ಯಾಪಾರಿ, ಅವನೂ ಬದುಕಬೇಡವೇ’ ಎಂದು ಸ್ನೇಹಿತರೊಬ್ಬರು ನನಗೇ ಬುದ್ಧಿ ಹೇಳಿದರು. ಬದುಕಲಿ. ಅವರ ಕಮಿಷನ್ ಆ ಬೆಲೆಯೊಳಗೇ ಇದೆ. ಸಾಲದಿದ್ದರೆ ಅದನ್ನು ಕೊಡುವವರನ್ನು ಕೇಳಲಿ, ಜೊತೆಗೆ ನಾವೂ ಬರುತ್ತೇವೆ. ಅಜ್ಜಿಯ ಸೆರಗಿನ ಗಂಟಿನಿಂದ ತೆಗೆಯುವುದೇಕೆ?

ನಾವು ಮಾಡಿದ್ದಕ್ಕೆ ‘ಬಹಿಷ್ಕಾರ’ ಎಂಬ ಪದ ಬಳಸಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಊರುಗಳಲ್ಲಿ ಬಡಕುಟುಂಬಗಳಿಗೆ ನೀರು, ಬೆಂಕಿ, ಕೂಲಿ ತಪ್ಪಿಸಲು ಬಳಕೆಯಾದ ಪದ ಅದು. ಇಂಗ್ಲಿಷಿನ ಬಾಯ್ಕಾಟ್ ಹುಟ್ಟಿದ್ದು ಇದಕ್ಕೆ ತದ್ವಿರುದ್ಧವಾಗಿ. 1880ರಲ್ಲಿ ಐರ್ಲೆಂಡಿನ ಗೇಣಿದಾರರು ಜಮೀನ್ದಾರನ ಏಜೆಂಟ್ ಚಾರ್ಲ್ಸ್ ಬಾಯ್ಕಾಟ್ ಎಂಬಾತನ ಹೊಲದ ಕೊಯ್ಲಿಗೆ ಹೋಗಲಿಲ್ಲ, ಅಂಗಡಿಗಳವರು ಅವನಿಗೆ ಸಾಮಾನು ಕೊಡಲಿಲ್ಲ. ಬಲ ಇದ್ದವನ ಎದುರು ಬಲ ಇಲ್ಲದವರು ಒಟ್ಟಾಗಿ ಕೈ ಹಿಂದೆಗೆದುಕೊಂಡರು. ನಾನೊಬ್ಬಳೇ ಬೇರೆ ಅಂಗಡಿಗೆ ಹೋಗಿದ್ದರೆ ನಮ್ಮ ಅಂಗಡಿಯವರಿಗೆ ಗೊತ್ತೂ ಆಗುತ್ತಿರಲಿಲ್ಲ.

ಇಂದು ಸಾಲಿನಲ್ಲಿ ಅಜ್ಜಿ ನನ್ನ ಮುಂದಿದ್ದರು. ಚಿಲ್ಲರೆ ಎಣಿಸಿಕೊಂಡು, ಪ್ಯಾಕೆಟ್ಟಿನ ಬೆಲೆಯನ್ನು ಮತ್ತೊಮ್ಮೆ ಓದಿ ಹೊರಟರು. ಭಾನುವಾರ ಸಂಜೆ ಮತ್ತೆ ಕಟ್ಟೆಯ ಮೇಲೆ ಸೇರುತ್ತಿದ್ದೇವೆ. ಈ ಸಲ ಬಿಲ್ ಕೊಡದ ಔಷಧದ ಅಂಗಡಿಯ ವಿಷಯ. ಅಜ್ಜಿ ತಮ್ಮ ಮಾತ್ರೆಯ ಖಾಲಿ ಪಟ್ಟಿಗಳನ್ನೆಲ್ಲ ಜೋಡಿಸಿ ಇಟ್ಟಿದ್ದಾರಂತೆ.