ಸುಮ್ನೆ ಕೇಳ್ದೆ ಅಷ್ಟೆ

ಬೆಂಗಳೂರಲ್ಲಿ ಯಾರೂ ಜಾತಿ ಕೇಳಲ್ಲ. ಅನುಭವದ ಮೇಲೆ ಹೇಳ್ತಿದೀನಿ, ಎರಡೂವರೆ ತಿಂಗಳು ವಿಜಯನಗರದಿಂದ ನಾಗರಬಾವಿ ತನಕ ಬಾಡಿಗೆ ಮನೆಗೆ ಅಂತ ಬೀದಿ ಬೀದಿ ಸುತ್ತಿದೀನಿ, ಹತ್ತಿರ ಹತ್ತಿರ ಮೂವತ್ತು ಮನೆ ನೋಡಿದೀನಿ, ಒಬ್ಬೇ ಒಬ್ಬ ಓನರ್ರು "ನಿಮ್ದು ಯಾವ ಜಾತಿ" ಅಂತ ಬಾಯಿಬಿಟ್ಟಿಲ್ಲ. ಊರು ಕೇಳಿದ್ರು. ಊರಲ್ಲಿ ಮನೆ ಎಲ್ಬರತ್ತೆ, ದೇವಸ್ಥಾನದ ಹತ್ರಾನಾ ಅಂತ ಕೇಳಿದ್ರು. ಮನೆದೇವ್ರು ಕೇಳಿದ್ರು, ಮದುವೆ ಯಾವ ಛತ್ರದಲ್ಲಾಯ್ತು, ಬೀಗರೂಟ ಹಾಕ್ಸಿದ್ರಾ, ಪಿತೃಪಕ್ಷಕ್ಕೆ ಎಡೆ ಇಡ್ತೀರಾ ಇಲ್ಲ ತಿಥಿ ಮಾಡ್ತೀರಾ, ಅಷ್ಟೂ ಕೇಳಿದ್ರು. ಒಬ್ರು ಅಂಕಲ್ ಅಂತೂ "ಬನ್ನಿ ಬನ್ನಿ" ಅಂತ ಬೆನ್ನ ಮೇಲೆ ಕೈಯಿಟ್ಟು ಎಡಭುಜದಿಂದ ಕೆಳಕ್ಕೆ ಮೆಲ್ಲಗೆ ಸವರಿದ್ರು, ಎಂಥ ಪ್ರೀತಿಯ ಮನುಷ್ಯ ಅಂದ್ಕೊಂಡೆ, ಮೆಟ್ಲು ಇಳೀವಾಗ ಗೊತ್ತಾಯ್ತು ಅವ್ರು ದಾರ ಹುಡುಕ್ತಿದ್ರು ಅಂತ.

ಪ್ರತಿ ಪ್ರಶ್ನೆ ಆದ್ಮೇಲೂ ಒಂದು ಮಂಗಳಾರತಿ ಇರತ್ತೆ. "ಸುಮ್ನೆ ಕೇಳ್ದೆ ಅಷ್ಟೆ, ಬೇಜಾರ್ ಮಾಡ್ಕೋಬೇಡಿ, ನಾವೆಲ್ಲ ಅದನ್ನ ನೋಡಲ್ಲ." ಈ "ಅದು" ಅಂದ್ರೆ ಏನು ಅಂತ ಕೇಳಿದೋರಿಗೂ ಗೊತ್ತು, ಕೇಳಿಸ್ಕೊಂಡೋರಿಗೂ ಗೊತ್ತು, ಪಕ್ಕದಲ್ಲಿ ಒಂದು ತಿಂಗಳ ಬಾಡಿಗೆ ಕಮಿಷನ್‌ಗೆ ಕಾಯ್ತಾ ನಿಂತಿರೋ ಬ್ರೋಕರ್‌ಗಂತೂ ನಮ್ಮಿಬ್ರಿಗಿಂತ ಚೆನ್ನಾಗಿ ಗೊತ್ತು, ಅವ್ನು ಫೋನಲ್ಲೇ ಫಿಲ್ಟರ್ ಮಾಡ್ಕೊಂಡೇ ಕರ್ಕೊಂಡ್ಬಂದಿರ್ತಾನೆ.

ಕೇಳೋಕೆ ನಾಚಿಕೆ ಆಗೋರು ಬೋರ್ಡಲ್ಲೇ ಬರೀತಾರೆ, ವೆಜ್ ಫ್ಯಾಮಿಲಿ ಓನ್ಲಿ. 2014ರಲ್ಲಿ ಕೇಂದ್ರ ಸರ್ಕಾರದ ಒಂದು ಸಮೀಕ್ಷೆ ನಡೀತು, ಅದರ ಪ್ರಕಾರ ಕರ್ನಾಟಕದಲ್ಲಿ ಹದಿನೈದು ವರ್ಷ ದಾಟಿದೋರಲ್ಲಿ ನೂರಕ್ಕೆ ಸುಮಾರು 79 ಜನ ಮಾಂಸ ತಿನ್ನೋರು. ಆದ್ರೆ ಟು-ಲೆಟ್ ಬೋರ್ಡು ಓದ್ಕೊಂಡು ಹೋದ್ರೆ ಈ ರಾಜ್ಯದಲ್ಲಿ ಕೋಳಿ ಅನ್ನೋ ಪ್ರಾಣಿ ಇರೋದು ಬರೀ ಬೆಳಿಗ್ಗೆ ಕೂಗೋಕೆ ಅನ್ಸತ್ತೆ. ಮೊಟ್ಟೆಗೆ ಬೇರೆ ಇಂಟರ್‌ವ್ಯೂ. "ಮೊಟ್ಟೆ ತಿಂತೀರಾ?" "ಮಗು ತಿನ್ನತ್ತೆ ಸಾರ್, ಡಾಕ್ಟ್ರು ಹೇಳಿದಾರೆ." "ಮನೇಲಿ ಬೇಯಿಸ್ತೀರಾ, ಹೊರಗಡೆ ತಿನ್ನುಸ್ತೀರಾ?" ಆ ಪ್ರಶ್ನೆ ಕೇಳಿದೋರ ಮನೆ ಫ್ರಿಜ್ ಮೇಲೆ ಮೊಮ್ಮಗನ ಬರ್ತ್‌ಡೇ ಕೇಕು ಇತ್ತು. ಕೇಕಿನ ಒಳಗೆ ಹೋದ್ಮೇಲೆ ಮೊಟ್ಟೆಗೂ ಒಂಥರ ಸಂಸ್ಕಾರ ಆಗೋಗತ್ತೆ ಅನ್ಸತ್ತೆ, ಇರ್ಲಿ.

ಕಾನೂನು ಏನನ್ನತ್ತೆ ಅಂತ ಲಾಯರ್ ಗೆಳೆಯನ್ನ ಕೇಳ್ದೆ. ಸಂವಿಧಾನದ 15ನೇ ವಿಧಿ ತೆಗೆದು ತೋರ್ಸಿದ, ಅಂಗಡಿ, ಹೋಟ್ಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಇಲ್ಲಿಗೆಲ್ಲ ಜಾತಿ ಧರ್ಮ ನೋಡಿ ಯಾರನ್ನೂ ತಡೀಬಾರ್ದು ಅಂತ ಸ್ಪಷ್ಟವಾಗಿದೆ. ಎರಡನೇ ಮಹಡಿ ಟೂ ಬಿಎಚ್‌ಕೆ ಬಗ್ಗೆ ಒಂದಕ್ಷರ ಇಲ್ಲ. ಅಂದ್ರೆ ನಾನು ಓನರ್ ಮನೆ ಮುಂದಿನ ರಸ್ತೇಲಿ ಎಷ್ಟು ಹೊತ್ತು ಬೇಕಾದ್ರೂ ನಿಂತ್ಕೋಬಹುದು, ಅದು ನನ್ನ ಮೂಲಭೂತ ಹಕ್ಕು. ಗೇಟು ಅವ್ರದ್ದು.

ಹೆಸ್ರಿನ ವಿಷಯಕ್ಕೆ ಬರ್ತೀನಿ, ಇಲ್ಲೇ ಮಜಾ ಇರೋದು. ನಮ್ಮ ಹಳೇ ಮೈಸೂರು ಕಡೆ ಇನಿಷಿಯಲ್ ಇಟ್ಕೊಳ್ಳೋದ್ರಿಂದ ಊರು, ಅಪ್ಪ ಇಬ್ರೂ ಒಂದೊಂದು ಅಕ್ಷರದ ಹಿಂದೆ ಅವಿತ್ಕೊಂಡಿರ್ತಾರೆ, ಹೆಸರು ಕೇಳಿದೋರಿಗೆ ಏನೂ ಸಿಗಲ್ಲ, ಅವ್ರ ಮುಖ ನೋಡ್ಬೇಕು ಆಗ, ಒಟಿಪಿ ಬರದೇ ಇರೋ ಫೋನ್ ನೋಡ್ದಂಗೆ ನಮ್ಮನ್ನೇ ನೋಡ್ತಾರೆ. ಸರ್‌ನೇಮ್ ಇದ್ರೆ ಸುಲಭ ಅಂದ್ಕೊಂಡ್ರಾ? ನಾಯಕ್ ಅಂತ ಒಬ್ಬ ಬಂದ ಅಂತಿಟ್ಕೊಳಿ. ಕರಾವಳಿ ಕೊಂಕಣಿ ಬ್ರಾಹ್ಮಣರಲ್ಲೂ ನಾಯಕ್ ಇದಾರೆ, ಚಿತ್ರದುರ್ಗ ಸುರಪುರ ಕಡೆ ವಾಲ್ಮೀಕಿ ಜನಾನೂ ನಾಯಕರೇ, ತಾಂಡಾದ ಲಂಬಾಣಿಗಳೂ ನಾಯ್ಕರೇ. ಓನರ್ ಇವ್ನನ್ನ ಯಾವ ಡಬ್ಬಕ್ಕೆ ಹಾಕ್ಬೇಕು? ಹೆಗಡೆ ಅಂದ್ರೆ ಶಿರಸಿದಾ ಕುಂದಾಪುರದ್ದಾ ಅಂತ ಕೇಳ್ಬೇಕು, ಯಾಕಂದ್ರೆ ಅಡ್ಗೆಮನೇಲಿ ಮೀನು ಬೀಳೋದು ಬಿಡೋದು ಆ ಉತ್ತರದ ಮೇಲೆ ನಿಂತಿದೆ. ಇನ್ನ ಉತ್ತರ ಕರ್ನಾಟಕದೋರು ಬಂದ್ರಂತೂ ಕಿರಾಣಿ ಅಂಗಡಿ ಚೀಟಿ ಓದ್ದಂಗಾಗತ್ತೆ, ಮೆಣಸಿನಕಾಯಿ, ಅಕ್ಕಿ, ಬೆಲ್ಲದ, ಉಳ್ಳಾಗಡ್ಡಿ. ಸರ್‌ನೇಮಲ್ಲೇ ಈರುಳ್ಳಿ ಇಟ್ಕೊಂಡಿರೋನು ಸಾತ್ವಿಕ ಹೆಂಗಾಗ್ತಾನೆ ಅಂತ ಒಬ್ರು ಆಂಟಿ ನಿಜವಾಗ್ಲೂ ಚಿಂತೆ ಮಾಡಿದ್ರಂತೆ.

ನಮ್ಮ ಆಫೀಸಲ್ಲಿ ವಿಜಯಪುರ ಕಡೆಯೋನು ಒಬ್ಬ ಇದಾನೆ, ಸರ್‌ನೇಮು ಇನಾಮದಾರ್. ಈ ಇನಾಮದಾರ್ ಬ್ರಾಹ್ಮಣರಲ್ಲೂ ಇದೆ, ಲಿಂಗಾಯತರಲ್ಲೂ ಇದೆ, ಮುಸ್ಲಿಮರಲ್ಲೂ ಇದೆ, ರಾಜರು ಇನಾಮು ಕೊಡುವಾಗ ಮುಂದೊಂದು ದಿನ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ಬೇಕಾಗತ್ತೆ ಅಂತ ಯೋಚನೆ ಮಾಡಿರ್ಲಿಲ್ಲ. ಇವ್ನು ಫೋನಲ್ಲಿ "ಇನಾಮದಾರ್ ಮಾತಾಡ್ತೀನ್ರೀ" ಅಂದ್ರೆ ಆ ಕಡೆಯಿಂದ "ಓ ಬನ್ನಿ ಸಾರ್, ಈಗ್ಲೇ ಬನ್ನಿ, ಕಾವೇರಿ ನೀರು ಬೋರ್ ನೀರು ಎರಡೂ ಇದೆ". ಹೋಗಿ ಪೂರ್ತಿ ಹೆಸರು ಹೇಳಿದ ತಕ್ಷಣ ಆ ಮನೆ ಬುಕ್ ಆಗೋಗತ್ತೆ. ಅವ್ನ ಮಾತಲ್ಲೇ ಕೇಳಿ: "ನಾ ಚಪ್ಪಲಿ ಬಿಡೂದ್ರಾಗ ಯಾರೋ ಬಂದು ಅಡ್ವಾನ್ಸ್ ಕೊಟ್ಟು ಹೋಗಿರ್ತಾರ ಮಾರಾಯಾ, ಅವ ಯಾರಂತ ಇವತ್ತಿಗೂ ನಾ ನೋಡಿಲ್ಲ, ನನಗಿಂತ ಒಂದ ಮಿನಿಟ್ ಮುಂದ ಅಡ್ಡಾಡ್ತಾನ." ನಗ್ತಾನೇ ಹೇಳ್ತಾನೆ. ಒಂಬತ್ತು ಮನೆ ಆಗಿದೆ ಹಿಂಗೆ.

ನಾನೇನು ಕಮ್ಮಿ ಇಲ್ಲ ಬಿಡಿ. ಪೇಪರಲ್ಲಿ ರ‍್ಯಾಂಕ್ ಬಂದ ಹುಡ್ಗಿ ಫೋಟೊ ನೋಡಿದ್ರೆ ಮಾರ್ಕ್ಸಿಗಿಂತ ಮುಂಚೆ ಕಣ್ಣು ಹೋಗೋದು ಅಪ್ಪನ ಹೆಸ್ರಿಗೆ. ಹೊಸ ಮ್ಯಾನೇಜರ್ ಬಂದ್ರೆ ಮೊದಲ್ನೇ ದಿನ ಊಟದ ಡಬ್ಬಿ ಕಡೆ ಒಂದು ನೋಟ ಹೋಗೇ ಹೋಗತ್ತೆ. ಯಾವ್ದೋ ಕಾಯಿಲೆ ಥರ ಇದು, ಬೇರೆಯೋರು ಕೆಮ್ಮಿದ್ರೆ ಮಾತ್ರ ನಮಗೆ ಕೇಳ್ಸೋದು.

ಸರಿ, ನಂಗೆ ಮನೆ ಸಿಕ್ಕಿದ್ದು ಹೆಂಗೆ ಅಂತ ಹೇಳ್ಬೇಕು. ಮೂವತ್ತು ಮನೆ ಆದ್ಮೇಲೆ ನಾನೂ ಪಳಗಿದ್ದೆ. ಮನೆದೇವ್ರು ಯಾರು ಅಂದ್ರೆ ಧರ್ಮಸ್ಥಳ ಮಂಜುನಾಥ ಅಂತಿದ್ದೆ. ಯೋಚನೆ ಮಾಡಿ ನೋಡಿ, ದೇವ್ರು ಶಿವ, ಪೂಜೆ ಮಾಡೋರು ವೈಷ್ಣವರು, ಆಡಳಿತ ಜೈನರದ್ದು, ಹೋಗೋರು ಎಲ್ಲಾರೂನು, ಯಾವ ದೊಡ್ಡ ಪತ್ತೇದಾರ ಬಂದ್ರೂ ಅಲ್ಲಿಂದ ಮುಂದಕ್ಕೆ ದಾರಿ ಸಿಗಲ್ಲ. ಆದ್ರೆ ಈ ಓನರ್ರು, ರಿಟೈರ್ಡ್ ಮನುಷ್ಯ, ಕಾಫಿ ಲೋಟ ಹಿಡ್ಕೊಂಡು ಒಂದು ನಿಮಿಷ ಸುಮ್ನಿದ್ರು, ನನ್ನ ಊರು, ಹೆಂಡ್ತಿ ಊರು, ಮಂಜುನಾಥ, ಮೂರನ್ನೂ ಮನಸಲ್ಲೇ ಕೂಡಿ ಕಳೆದು ಟಪ್ಪಂತ "ಹಂಗಾದ್ರೆ ನಮ್ಮೋರೇ ಆಯ್ತಲ್ರೀ!" ಅಂದ್ರು. ನಾನು ಅವ್ರೋರಲ್ಲ. ಹೆಂಡ್ತಿ ನನ್ನ ಮುಖ ನೋಡಿದ್ಳು, ನಾನು ಗೋಡೆ ನೋಡ್ದೆ, ಗೋಡೆ ಚೆನ್ನಾಗಿತ್ತು, ಹೊಸ ಪೇಂಟು. ಹತ್ತು ತಿಂಗಳ ಅಡ್ವಾನ್ಸು ಆರಕ್ಕೆ ಇಳೀತು, ಬಾಡಿಗೇಲಿ ಎರಡು ಸಾವಿರ ಕಮ್ಮಿ ಆಯ್ತು. 11 ತಿಂಗಳ ಅಗ್ರಿಮೆಂಟಲ್ಲಿ ಮೊಳೆ ಹೊಡೀಬಾರ್ದು, ಗೆಸ್ಟು ಮೂರು ದಿನಕ್ಕಿಂತ ಹೆಚ್ಗೆ ಇರ್ಬಾರ್ದು ಅಂತೆಲ್ಲ ಹತ್ತೊಂಬತ್ತು ಕಂಡೀಷನ್ ಇತ್ತು, ನಮ್ಮೋರು ಅನ್ನೋದು ಒಂದೇ ಬರ್ದಿರ್ಲಿಲ್ಲ, ಅದ್ರ ಮೇಲೆ ಮಿಕ್ಕಿದ್ದೆಲ್ಲ ನಿಂತಿತ್ತು.

ಇನ್ನೊಬ್ರ ಜಾತೀಲಿ ಬಾಡಿಗೆಗಿರೋದು ಭಾಳ ಸುಖದ ಕೆಲ್ಸ. ಸಂಘದ ಕ್ಯಾಲೆಂಡರ್ ಬಂತು, ಓನರ್ರೇ ತಂದು ಹಾಲಲ್ಲಿ ತಮ್ಮ ಕೈಯಾರೆ ನೇತಾಕಿದ್ರು (ಮೊಳೆ ಅವ್ರೇ ಹೊಡೆದ್ರು). ಮಗಳಿಗೆ ಸಂಘದ ಪ್ರತಿಭಾ ಪುರಸ್ಕಾರದ ಅರ್ಜಿ ಬಂತು, ಹೆಂಡ್ತಿ ತಮ್ಮನಿಗೆ ಎರಡು ಜಾತಕ ಬಂತು. ಭಾನುವಾರ ಸಂಜೆ ಬಂದು ಸೋಫಾ ಮೇಲೆ ಕೂತ್ಕೊಂಡು ಊರಿನ ಎಲ್ಲಾ ಜನಗಳ ಗುಣಸ್ವಭಾವ ವಿವರ್ಸೋರು. ಒಂದಿನ ಸರದಿ ಪ್ರಕಾರ ನಮ್ಮ ಜನದ್ದು ಬಂತು, ಅಂದ್ರೆ ನನ್ನ ಅಸಲಿ ಜನದ್ದು. "ಆ ಜನಕ್ಕೆ ಮಾತ್ರ ಮನೆ ಕೊಡ್ಬಾರ್ದು ಕಣ್ರೀ, ಕ್ಲೀನ್ ಇರಲ್ಲ, ನಾನಂತೂ ಗೇಟಲ್ಲೇ ಮುಖ ನೋಡಿ ಕಂಡುಹಿಡಿದುಬಿಡ್ತೀನಿ, ನಲ್ವತ್ತು ವರ್ಷದ ಅನುಭವ" ಅಂದ್ರು, ನಮ್ಮಮ್ಮ ಊರಿಂದ ಕಳ್ಸಿದ್ದ ಕಜ್ಜಾಯ ಬಾಯಲ್ಲಿಟ್ಕೊಂಡು. ಇನ್ನೊಂದು ಹಾಕ್ಲಾ ಸಾರ್ ಅಂದೆ. ಹಾಕಿ ಅಂದ್ರು. "ನಮ್ಮೋರ ಕೈ ರುಚೀನೇ ಬೇರೆ."

ಇಷ್ಟು ಚೆನ್ನಾಗಿ ನಡೀತಿರುವಾಗ 2025ರ ಸೆಪ್ಟೆಂಬರ್ 22ಕ್ಕೆ ಸರ್ಕಾರದ ಸಮೀಕ್ಷೆ ಶುರುವಾಯ್ತು. ಹಿಂದುಳಿದ ವರ್ಗಗಳ ಆಯೋಗದ್ದು, 60 ಪ್ರಶ್ನೆ, 420 ಕೋಟಿ ಖರ್ಚು. ಕರೆಂಟ್ ಮೀಟ್ರು ಓದೋರ ಕೈಲಿ ಬಾಗಿಲಿಗೆ ಸ್ಟಿಕರ್ ಅಂಟ್ಸಿ, ಮೇಷ್ಟ್ರುಗಳ ಕೈಗೆ ಆ್ಯಪ್ ಕೊಟ್ಟು ಮನೆಮನೆಗೆ ಕಳ್ಸಿದ್ರು, ಪಾಪ ಅವ್ರು ನೆಟ್‌ವರ್ಕ್ ಹುಡುಕ್ಕೊಂಡು ಟೆರೇಸ್ ಹತ್ತೋರು. ನಮ್ಮ ಓನರ್ರು ಅದೇ ಕೆಲ್ಸನ ಮೂರು ಪ್ರಶ್ನೇಲಿ, ಒಂದು ಲೋಟ ಕಾಫಿ ಖರ್ಚಲ್ಲಿ ಮಾಡ್ತಾರೆ. ತಪ್ಪು ಬರತ್ತೆ, ಅದು ಬೇರೆ ಮಾತು.

ನಮ್ಮನೆಗೆ ಬಂದಿದ್ದು ಒಬ್ರು ಮೇಡಮ್ಮು. ಗೇಟಲ್ಲೇ ನಿಂತ್ರು, ಓನರ್ರು ಪೈಪ್ ಹಿಡ್ಕೊಂಡು ಗಿಡಕ್ಕೆ ನೀರು ಬಿಡ್ತಿದ್ರು. ಹೆಸರು, ವಯಸ್ಸು ಆಯ್ತು. "ಸಾರ್, ಜಾತಿ?" ಅಂದ್ರು. ಎಷ್ಟು ಸಲೀಸಾಗಿ ಕೇಳಿದ್ರು ಅಂತೀರಾ, ಸುತ್ತಿಲ್ಲ ಬಳಸಿಲ್ಲ, ಈ ಊರಲ್ಲಿ ಇಷ್ಟು ವರ್ಷಕ್ಕೆ ನನ್ನನ್ನ ನೆಟ್ಟಗೆ ಕೇಳಿದೋರು ಅವ್ರೊಬ್ರೇ, ಕಾಲಿಗೆ ಬೀಳ್ಬೇಕು ಅನ್ನುಸ್ತು. ಅಷ್ಟ್ರಲ್ಲಿ ಹಿಂದ್ಗಡೆ ನೀರಿನ ಸದ್ದು ನಿಂತೋಯ್ತು. ನಲ್ಲಿ ಆಫ್ ಮಾಡಿದಾರೆ. ಇಷ್ಟ ಇಲ್ಲ ಅಂದ್ರೆ ಮಾಹಿತಿ ಕೊಡ್ಲೇಬೇಕು ಅಂತಿಲ್ಲ ಅಂತ ಹೈಕೋರ್ಟೇ ಹೇಳಿತ್ತು, ಆದ್ರೆ ಗುಲಾಬಿ ಗಿಡದ ಪಕ್ಕ ಉಸಿರು ಬಿಗಿಹಿಡ್ಕೊಂಡು ನಿಂತಿರೋ ಓನರ್ ಮುಂದೆ ಹೇಳಲ್ಲ ಅನ್ನೋದೂ ಒಂದು ಉತ್ತರಾನೇ. "ಮೇಡಂ, ಫೋನ್ ಕೊಡಿ ಇಲ್ಲಿ, ನಾನೇ ತೋರುಸ್ತೀನಿ" ಅಂತ ಈಸ್ಕೊಂಡು ಲಿಸ್ಟಲ್ಲಿ ನಂದನ್ನ ಒತ್ತಿ ವಾಪಸ್ ಕೊಟ್ಟೆ. ಆಯಮ್ಮ ಒಮ್ಮೆ ಸ್ಕ್ರೀನ್ ನೋಡಿದ್ರು, ಒಮ್ಮೆ ಓನರ್‌ನ ನೋಡಿದ್ರು, "ಆಯ್ತು ಸಾರ್, ಮನೇಲಿ ಫ್ರಿಜ್ ಇದ್ಯಾ?" ಅಂತ ಮುಂದಕ್ಕೆ ಹೋದ್ರು.

ಸಂಜೆ ಓನರ್ರು ಬಂದ್ರು. "ನಮ್ದೇ ಬರ್ಸಿದ್ರಿ ತಾನೆ? ಉಪಜಾತಿ ಕಾಲಂ ಏನ್ಮಾಡಿದ್ರಿ? ಸಂಘದೋರು ಹಿಂಗೇ ಬರ್ಸಿ ಅಂತ ಮೆಸೇಜ್ ಹಾಕಿದ್ರಲ್ಲ." "ಅದೇ ಥರ ಸಾರ್" ಅಂದೆ. ಸಮುದಾಯಕ್ಕೆ ಒಂದು ಕುಟುಂಬ ಸೇರ್ತು ಅಂತ ಖುಷಿಯಾಗಿ ಹೋದ್ರು.

ಮೊನ್ನೆ ಟೆರೇಸ್ ಮೇಲಿನ ಸಿಂಗಲ್ ರೂಮು ಖಾಲಿ ಆಯ್ತು. ಸಿಂಧನೂರು ಕಡೆ ಹುಡುಗ, ಬಿಕಾಂ ಮುಗ್ಸಿ ಕೆಲ್ಸಕ್ಕೆ ಬಂದಿದಾನೆ, ರೂಮು ಕೇಳ್ಕೊಂಡು ಬಂದ. ಓನರ್‌ಗೆ ಆ ಕಡೆ ಲೆಕ್ಕ ಅಷ್ಟು ಬರಲ್ಲ, ನನ್ನನ್ನ ಪಕ್ಕಕ್ಕೆ ಕರ್ದು "ನೀವು ಸ್ವಲ್ಪ ಮನೇಲಿ ಕೂರ್ಸಿ ಮಾತಾಡ್ಸಿ ನೋಡಿ, ನಮ್ಮೋರಾ ಹೆಂಗೆ ಅಂತ" ಅಂದ್ರು. ಕೂರ್ಸಿದೆ. ಕಾಫಿ ಕೊಟ್ಟೆ. ಏನೂ ಕೇಳ್ಬಾರ್ದು ಅಂತಾನೇ ಇದ್ದೆ, ಆದ್ರೆ ಬಾಯಿ ತಾನಾಗೇ ತೆರೀತು.

"ಊರಲ್ಲಿ ನಿಮ್ಮನೆ ಎಲ್ಬರತ್ತೆ? ಸುಮ್ನೆ ಕೇಳ್ದೆ ಅಷ್ಟೆ."

ಹುಡುಗ ಲೋಟ ಕೆಳಗಿಟ್ಟ. ನನ್ನ ಮುಖ ನೋಡ್ದ, ಬಾಗಿಲು ನೋಡ್ದ, ಆಮೇಲೆ ನಿಧಾನಕ್ಕೆ ನನ್ನ ತಲೆ ಹಿಂದಿನ ಗೋಡೆ ಕಡೆ ಕಣ್ಣೆತ್ತಿ ಅಲ್ಲಿ ಬರ್ದಿದ್ದನ್ನ ಪೂರ್ತಿ ಓದ್ಕೊಂಡ.

"ನಮ್ಮನ್ಯಾಗೂ ಇದ ಕ್ಯಾಲೆಂಡರ್ ಐತ್ರಿ ಸರ್."

ನಾನು ಕೆಳಗೆ ಹೋಗಿ ಹೇಳ್ದೆ, ನಮ್ಮೋರೇ ಸಾರ್, ನೂರಕ್ಕೆ ನೂರು.