ಮಟ್ಟ ಏರಿದರೆ ಆಯ್ತಾ?

ಕೀನ್ಯಾದ ತುರ್ಕಾನಾ ಸರೋವರದ ನೀರು ಏರಿದೆ, ಹಾಗಾಗಿ ಗಿಬೆ-3 ಅಣೆಕಟ್ಟಿನಿಂದ ಸರೋವರ ಬತ್ತುತ್ತದೆಂಬ ಭಯ ಸುಳ್ಳಾಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದು ಅವಸರದ ಮಾತು. ನೀರು ಏರಿದ್ದು ಮಳೆ ಜಾಸ್ತಿಯಾಗಿದ್ದಕ್ಕೆ. ಮಳೆ ಕೈಕೊಟ್ಟ ವರ್ಷ? ಈ ಸರೋವರಕ್ಕೆ ಬರುವ ನೀರಲ್ಲಿ ಶೇ. 80ಕ್ಕೂ ಹೆಚ್ಚು ಇಥಿಯೋಪಿಯಾದ ಓಮೊ ನದಿಯದ್ದು; ಆ ಅಣೆಕಟ್ಟು ಕಟ್ಟಿರುವುದೂ ಅದಕ್ಕೇ. ಹೊರಗೆ ಹರಿಯಲು ದಾರಿಯಿಲ್ಲ. ನೀರು ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ.

ಅಸಲು ವಿಷಯ ಮಟ್ಟವಲ್ಲ, ನೆರೆ. ಮೊದಲು ಓಮೊ ವರ್ಷಕ್ಕೊಮ್ಮೆ ಉಕ್ಕಿ ಕೆಸರು ಹೊತ್ತು ತರುತ್ತಿತ್ತು. ಮೀನಿಗೆ ಮೇವು ಹುಟ್ಟುವುದೇ ಅದರಿಂದ. ಸರೋವರದ ಫರ್ಗುಸನ್ಸ್ ಗಲ್ಫ್‌ನಂಥ ಆಳವಿಲ್ಲದ ಕಡೆ ತಿಲಾಪಿಯಾ ಮೀನು ಮರಿ ಮಾಡುತ್ತದೆ. ಅಣೆಕಟ್ಟು ಆ ಏರಿಳಿತವನ್ನೇ ತಗ್ಗಿಸಿಬಿಟ್ಟಿದೆ. ಕೆಳಗಿನ ಕಬ್ಬಿನ ತೋಟಗಳಿಗೆ ತಿರುಗಿಸಿದ ನೀರಿನ ಬಗ್ಗೆಯಂತೂ ಲೇಖನದಲ್ಲಿ ಒಂದು ಸಾಲೂ ಇಲ್ಲ. 2018ರಲ್ಲಿ ಇಲ್ಲಿನ ರಾಷ್ಟ್ರೀಯ ಉದ್ಯಾನಗಳು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಸುಮ್ನೆ ಅಲ್ಲ. ದಡದಲ್ಲಿ ಮೀನು ಒಣಗಿಸಿ ಮಾರುವವರನ್ನು ಒಂದು ಮಾತು ಕೇಳಬಹುದಿತ್ತು, ಅಲ್ವಾ?